ನಾಟಕದ ಅಂಗಳದಲ್ಲಿ ಹುಟ್ಟಿದ ಕಾನೂನುಗಳು

ರಸ್ತೆ ಬದಿಯ ದೂರವಾಣಿಗೂ ನಾಟಕಕ್ಕೂ ಏನು ಸಂಬಂಧ? ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಅಂಥದೊಂದು ಸಂಬಂಧ ಏರ್ಪಟ್ಟಿತ್ತು. ಅಲ್ಲಿ 1970ರ ದಶಕದಿಂದ ಸಾರ್ವಜನಿಕ ದೂರವಾಣಿಗಳಿಗೆ ಮೊಟ್ಟೆಯಾಕಾರದ ಗೂಡು ಇರುತ್ತಿತ್ತು. ಜನ ಅದನ್ನು ‘ದೊಡ್ಡ ಕಿವಿ’ ಎಂದು ಕರೆಯುತ್ತಿದ್ದರು. ಕಂಬಕ್ಕೆ ತೂಗುಹಾಕಿದ ಈ ಗೂಡು ನೋಡಲು ಚೆಂದ, ಮಾತನಾಡಲು ಅನುಕೂಲ. ಆದರೆ ಕಣ್ಣು ಕಾಣದವರ ಪಾಲಿಗೆ ಅದೇ ಅಪಾಯ. ನೆಲ ತಡಕುವ ಕೋಲು ಗೂಡಿನ ಕೆಳಗಿನ ಖಾಲಿ ಜಾಗದಲ್ಲಿ ಸಲೀಸಾಗಿ ಹಾದುಹೋಗುತ್ತಿತ್ತು. ಮರುಕ್ಷಣವೇ ಹಣೆ ಗೂಡಿಗೆ ಬಡಿಯುತ್ತಿತ್ತು.

ಇದಕ್ಕೆ ಪರಿಹಾರ ಬಹಳ ಸರಳ. ಗೂಡಿನ ನೇರ ಕೆಳಗೆ ನೆಲದ ಮೇಲೆ ಒಂದು ಸಣ್ಣ ಕಟ್ಟೆ ಕಟ್ಟಿದರಾಯಿತು. ಕೋಲಿಗೆ ಕಟ್ಟೆ ತಾಗುತ್ತದೆ, ನಡೆಯುವವರು ಪಕ್ಕಕ್ಕೆ ಸರಿಯುತ್ತಾರೆ. ಇಷ್ಟು ಸರಳವಾದದ್ದು ಗೂಡನ್ನು ರೂಪಿಸಿದವರಿಗಾಗಲೀ, ನಿಲ್ಲಿಸಿದವರಿಗಾಗಲೀ, ನಗರ ಆಳುವವರಿಗಾಗಲೀ ಹೊಳೆದಿರಲಿಲ್ಲ. ಅದನ್ನು ಎತ್ತಿ ತೋರಿಸಿದ್ದು ಅಂಧರೇ ಸೇರಿ ಆಡಿದ ಒಂದು ನಾಟಕ. ಆ ನಾಟಕದಿಂದ ಮಸೂದೆಯೊಂದು ತಯಾರಾಗಿ, ನಗರಸಭೆಯಲ್ಲಿ ಮಂಡನೆಯಾಗಿ, ಕಾನೂನೇ ಆಯಿತು.

ಹೀಗೆ ನಾಟಕದಿಂದ ಹುಟ್ಟಿದ ಕಾನೂನು ಅದೊಂದೇ ಅಲ್ಲ. 1993ರಿಂದ 1996ರವರೆಗಿನ ನಾಲ್ಕು ವರ್ಷಗಳಲ್ಲಿ ರಿಯೊ ನಗರಸಭೆ ಅಂಥ 13 ಕಾನೂನುಗಳಿಗೆ ಒಪ್ಪಿಗೆ ಕೊಟ್ಟಿತು. ಇದರ ಹಿಂದೆ ಇದ್ದವರು ಅಗಸ್ಟೊ ಬೋವಾಲ್ ಎಂಬ ರಂಗಕರ್ಮಿ. ಈ ಪ್ರಯೋಗಕ್ಕೆ ಅವರಿಟ್ಟ ಹೆಸರು ‘ಶಾಸನ ರಂಗಭೂಮಿ’. ಕಲೆಯ ಮೂಲಕ ಜನರನ್ನು ಆಡಳಿತದಲ್ಲಿ ಪಾಲುಗೊಳಿಸುವ ಯತ್ನಗಳು ಜಗತ್ತಿನಲ್ಲಿ ಹಲವು ನಡೆದಿವೆ. ಗೋಡೆಗೆ ಚಿತ್ರ ಬರೆದವರಿದ್ದಾರೆ, ಹಾಡು ಕಟ್ಟಿದವರಿದ್ದಾರೆ. ಆದರೆ ಕಲೆ ನೇರವಾಗಿ ಕಾನೂನು ಪುಸ್ತಕದ ಪುಟ ಸೇರಿದ ಉದಾಹರಣೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದು ಕಷ್ಟ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೈತ ಕೇಳಿದ ಪ್ರಶ್ನೆ

ಬೋವಾಲ್ ಹುಟ್ಟಿದ್ದು 1931ರಲ್ಲಿ, ರಿಯೊದಲ್ಲಿ. ಪೋರ್ಚುಗಲ್‌ನಿಂದ ವಲಸೆ ಬಂದ ತಂದೆಗೆ ಬೇಕರಿ ವ್ಯಾಪಾರ. ಮಗ ಓದಿದ್ದು ರಾಸಾಯನಿಕ ಎಂಜಿನಿಯರಿಂಗ್. ಹೆಚ್ಚಿನ ಓದಿಗೆಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದ ತರುಣ ಅಲ್ಲಿ ನಾಟಕ ರಚನೆಯ ಪಾಠಕ್ಕೂ ಕುಳಿತ. ಮರಳಿ ಬಂದ ಮೇಲೆ 1956ರಲ್ಲಿ ಸಾವೊ ಪಾಲೊ ನಗರದ ‘ಅರೀನಾ’ ರಂಗತಂಡದ ನಿರ್ದೇಶಕರಾದರು. ರಸಾಯನಶಾಸ್ತ್ರ ಅಲ್ಲಿಗೇ ನಿಂತಿತು.

ಅದು ಬ್ರೆಜಿಲ್ ಕುದಿಯುತ್ತಿದ್ದ ಕಾಲ. ಭೂಮಿಯೆಲ್ಲ ಕೆಲವೇ ಒಡೆಯರ ಕೈಯಲ್ಲಿತ್ತು. ಈಶಾನ್ಯ ಭಾಗದ ರೈತರು ಸಂಘ ಕಟ್ಟುತ್ತಿದ್ದರು. ಓದು ಬರಹ ಬಾರದವರಿಗೆ ಆ ದೇಶದಲ್ಲಿ ಮತದಾನದ ಹಕ್ಕೇ ಇರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಭಾರತ ತನ್ನ ಮೊದಲ ಮಹಾಚುನಾವಣೆಯಲ್ಲೇ, ಅಂದರೆ 1951–52ರಲ್ಲಿ, ಅಕ್ಷರ ಬಲ್ಲವರಿಗೂ ಬಾರದವರಿಗೂ ಸಮನಾಗಿ ಮತ ಕೊಟ್ಟಿತ್ತು. ಬ್ರೆಜಿಲಿನ ಅನಕ್ಷರಸ್ಥರು ಆ ಹಕ್ಕಿಗಾಗಿ 1985ರವರೆಗೆ ಕಾಯಬೇಕಾಯಿತು. ಹೀಗಾಗಿ ಅಲ್ಲಿ ಅಕ್ಷರ ಕಲಿಸುವುದೆಂದರೆ ಪೌರತ್ವ ಕೊಡಿಸಿದಂತೆ. ಪಾಲೊ ಫ್ರೇರೆ ಎಂಬ ಶಿಕ್ಷಣ ತಜ್ಞರು 1963ರಲ್ಲಿ ಅಂಜಿಕೋಸ್ ಎಂಬ ಊರಿನಲ್ಲಿ 40 ಗಂಟೆಗಳ ಪಾಠದಲ್ಲಿ 300 ಮಂದಿ ಕೂಲಿಕಾರರಿಗೆ ಓದು ಬರಹ ಕಲಿಸಹೊರಟಾಗ ಭೂಮಾಲೀಕರು ಬೆಚ್ಚಿದ್ದು ಇದೇ ಕಾರಣಕ್ಕೆ.

ಈ ಹುರುಪಿನಲ್ಲಿ ಅರೀನಾ ತಂಡವೂ ಹಳ್ಳಿಗಳತ್ತ ಹೊರಟಿತು. ರೈತರು ಎದ್ದೇಳಬೇಕು, ಭೂಮಿಗಾಗಿ ರಕ್ತ ಚೆಲ್ಲಲೂ ಸಿದ್ಧರಾಗಬೇಕು ಎಂದು ನಟರು ಬಂದೂಕು ಎತ್ತಿ ಹಾಡಿದರು. ಪ್ರದರ್ಶನ ಮುಗಿದ ಮೇಲೆ ಒಬ್ಬ ರೈತ ಕಣ್ಣೀರು ತುಂಬಿಕೊಂಡು ಬಂದ. ನೀವು ಹೇಳಿದ್ದು ಸರಿ, ನಮ್ಮ ನೆಲ ಕಿತ್ತುಕೊಂಡವರನ್ನು ಓಡಿಸೋಣ, ನಿಮ್ಮ ಬಂದೂಕುಗಳೊಂದಿಗೆ ಬನ್ನಿ ಎಂದು ಕರೆದ. ನಟರು ತಬ್ಬಿಬ್ಬಾದರು. ಇವು ನಾಟಕದ ಬಂದೂಕು, ಸಿಡಿಯುವುದಿಲ್ಲ ಎಂದರು. ಚಿಂತೆಯಿಲ್ಲ, ನಮ್ಮಲ್ಲಿ ನಿಜವಾದವು ಇವೆ, ನೀವು ಬಂದರೆ ಸಾಕು ಎಂದ ರೈತ. ನಾವು ಕಲಾವಿದರು, ಹೋರಾಟಗಾರರಲ್ಲ ಎಂದು ಇವರು ಒಪ್ಪಿಕೊಳ್ಳಲೇಬೇಕಾಯಿತು. ಹಾಗಾದರೆ ಚೆಲ್ಲಬೇಕು ಎಂದು ನೀವು ಹಾಡಿದ ರಕ್ತ ನಿಮ್ಮದಲ್ಲ, ನಮ್ಮದು ಎಂಬ ಅರ್ಥದ ಮಾತನ್ನು ಆತ ಆಡಿದ.

ಈ ಪ್ರಸಂಗವನ್ನು ಬೋವಾಲ್ ತಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ನೆನೆದಿದ್ದಾರೆ. ತಾನು ತೆರಲು ಸಿದ್ಧನಿಲ್ಲದ ಬೆಲೆಯನ್ನು ಬೇರೆಯವರಿಗೆ ತೆರಲು ಹೇಳುವ ನಾಟಕ ಇನ್ನು ಮಾಡಬಾರದು ಎಂಬ ತೀರ್ಮಾನಕ್ಕೆ ಅವರು ಬಂದರು. ಹಾಗಿದ್ದರೆ ಏನು ಮಾಡಬೇಕು? ಉತ್ತರ ಸಿಗಲು ಹತ್ತಾರು ವರ್ಷ ಬೇಕಾಯಿತು.

ಸೆರೆಮನೆಯಿಂದ ಪೆರುವಿಗೆ

1964ರಲ್ಲಿ ಬ್ರೆಜಿಲಿನಲ್ಲಿ ಸೇನೆ ಅಧಿಕಾರ ಹಿಡಿಯಿತು. ಫ್ರೇರೆ ಜೈಲು ಸೇರಿ ನಂತರ ದೇಶ ಬಿಟ್ಟರು. 1968ರ ಕೊನೆಗೆ ದಮನ ಇನ್ನೂ ಬಿಗಿಯಾಯಿತು. ನಾಟಕಗಳಿಗೂ ಪತ್ರಿಕೆಗಳಿಗೂ ಸೆನ್ಸಾರ್ ಬಂತು. ಆಗ ಬೋವಾಲ್ ತಂಡ ‘ಪತ್ರಿಕಾ ನಾಟಕ’ ಎಂಬುದನ್ನು ಶುರುಮಾಡಿತು. ಬೆಳಗಿನ ಪತ್ರಿಕೆಯ ಸುದ್ದಿಯೊಂದನ್ನು ಎತ್ತಿಕೊಂಡು, ಅದರಲ್ಲಿ ಬರೆಯದೆ ಬಿಟ್ಟದ್ದೇನು ಎಂಬುದನ್ನು ಅಭಿನಯಿಸಿ ತೋರಿಸುವುದು ಇದರ ಕ್ರಮ. ಯಾರು ಬೇಕಾದರೂ ಇದನ್ನು ಮಾಡಬಹುದಿತ್ತು. ವಿದ್ಯಾರ್ಥಿಗಳು, ಕಾರ್ಮಿಕರು ತಾವೇ ಗುಂಪು ಕಟ್ಟಿಕೊಂಡು ಆಡತೊಡಗಿದರು. ಪತ್ರಿಕೆಯಲ್ಲಿ ದುಡಿಯುವವರಿಗೆ ಇದರಲ್ಲಿ ಕಲಿಯಬೇಕಾದ ಪಾಠ ಇದ್ದೇ ಇದೆ.

1971ರಲ್ಲಿ ಬೋವಾಲ್ ಬಂಧಿತರಾದರು. ಚಿತ್ರಹಿಂಸೆ ಅನುಭವಿಸಿದರು. ಬಿಡುಗಡೆಯಾದ ಮೇಲೆ ಅರ್ಜೆಂಟೀನಾಕ್ಕೆ ಹೋದರು. 1973ರಲ್ಲಿ ಪಕ್ಕದ ಪೆರು ದೇಶದ ಸಾಕ್ಷರತಾ ಯೋಜನೆಯಲ್ಲಿ ಕೆಲಸ ಮಾಡಲು ಅವರಿಗೆ ಕರೆ ಬಂತು. ಫ್ರೇರೆ ಅವರ ವಿಚಾರಗಳಿಂದ ಪ್ರೇರಣೆ ಪಡೆದ ಯೋಜನೆ ಅದು. ಅಕ್ಷರದ ಜೊತೆಗೆ ಫೋಟೊ, ಬೊಂಬೆಯಾಟ, ನಾಟಕ ಎಲ್ಲವನ್ನೂ ‘ಭಾಷೆ’ಗಳೆಂದೇ ಅಲ್ಲಿ ಕಲಿಸುತ್ತಿದ್ದರು.

ಫೋಟೊ ಪಾಠದ ಒಂದು ಕಥೆ ಕೇಳುವಂತಿದೆ. ಜನರ ಕೈಗೆ ಕ್ಯಾಮೆರಾ ಕೊಟ್ಟು ಪ್ರಶ್ನೆ ಕೇಳುತ್ತಿದ್ದರು. ಉತ್ತರವನ್ನು ಚಿತ್ರದಲ್ಲೇ ಕೊಡಬೇಕು. ಶೋಷಣೆ ಎಂದರೇನು ಎಂಬ ಪ್ರಶ್ನೆಗೆ ಒಬ್ಬ ಹುಡುಗ ಗೋಡೆಗೆ ಹೊಡೆದ ಒಂದು ಮೊಳೆಯ ಚಿತ್ರ ತಂದ. ದೊಡ್ಡವರಿಗೆ ತಲೆಬುಡ ತಿಳಿಯಲಿಲ್ಲ. ಉಳಿದ ಹುಡುಗರೆಲ್ಲ ಮಾತ್ರ ಹೌದು ಹೌದು ಎಂದರು. ಅವರೆಲ್ಲ ಲಿಮಾ ನಗರದಲ್ಲಿ ಬೂಟು ಪಾಲಿಶ್ ಮಾಡುವ ಮಕ್ಕಳು. ಪಾಲಿಶ್ ಪೆಟ್ಟಿಗೆ ಹೊತ್ತು ದಿನವೂ ದೂರದ ಕೊಳೆಗೇರಿಗೆ ಮರಳಲಾರರು. ಅದಕ್ಕಾಗಿ ಪೇಟೆಯ ಅಂಗಡಿ ಗೋಡೆಯ ಮೊಳೆಯೊಂದನ್ನು ಬಾಡಿಗೆಗೆ ಹಿಡಿದು ಪೆಟ್ಟಿಗೆ ನೇತುಹಾಕಿ ಹೋಗುತ್ತಿದ್ದರು. ಒಂದು ರಾತ್ರಿಗೆ ಒಂದು ಮೊಳೆಗೆ ಎರಡು ಮೂರು ಸೋಲ್ ಬಾಡಿಗೆ. ಶೋಷಣೆಯ ಬಗ್ಗೆ ಉದ್ದುದ್ದ ಭಾಷಣ ಮಾಡುವವರಿಗೆ ಕಾಣದ ಮೊಳೆ ಆ ಹುಡುಗನಿಗೆ ಕಂಡಿತ್ತು.

ಪೊರಕೆ ಹಿಡಿದು ಬಂದ ಹೆಂಗಸು

ನಾಟಕದ ಪಾಠದಲ್ಲಿ ಇದಕ್ಕಿಂತ ದೊಡ್ಡ ಘಟನೆ ನಡೆಯಿತು. ಆ ಹೊತ್ತಿಗೆ ಬೋವಾಲ್ ಒಂದು ಹೊಸ ಕ್ರಮ ಅನುಸರಿಸುತ್ತಿದ್ದರು. ಊರಿನವರದೇ ಒಂದು ಸಮಸ್ಯೆಯನ್ನು ನಾಟಕ ಮಾಡಿ, ಬಿಕ್ಕಟ್ಟಿನ ಹಂತಕ್ಕೆ ತಂದು ನಿಲ್ಲಿಸುವುದು. ಮುಂದೇನು ಮಾಡಬೇಕು ಎಂದು ಪ್ರೇಕ್ಷಕರನ್ನು ಕೇಳುವುದು. ಅವರು ಹೇಳಿದ್ದನ್ನು ನಟರು ಆಡಿ ತೋರಿಸುವುದು.

ಅಂದಿನ ಕಥೆ ಓದು ಬಾರದ ಹೆಂಗಸೊಬ್ಬಳದು. ಗಂಡ ಮನೆ ಕಟ್ಟುವ ನೆಪ ಹೇಳಿ ಅವಳಿಂದ ದುಡ್ಡು ಪಡೆಯುತ್ತಿದ್ದ. ರಸೀದಿ ಎಂದು ಕಾಗದಗಳನ್ನು ಕೊಡುತ್ತಿದ್ದ. ಅವಳು ಜೋಪಾನವಾಗಿ ಇಟ್ಟುಕೊಂಡಿದ್ದಳು. ಒಮ್ಮೆ ಸಂಶಯ ಬಂದು ನೆರೆಯವಳಿಂದ ಓದಿಸಿದರೆ, ಅವು ರಸೀದಿಗಳಲ್ಲ, ಇನ್ನೊಬ್ಬ ಹೆಂಗಸು ಗಂಡನಿಗೆ ಬರೆದ ಪ್ರೇಮಪತ್ರಗಳು! ಗಂಡ ಮನೆಗೆ ಬಂದಾಗ ಅವಳು ಏನು ಮಾಡಬೇಕು?

ಪ್ರೇಕ್ಷಕರಿಂದ ಹಲವು ಸಲಹೆ ಬಂದವು. ಅಳಬೇಕು ಎಂದರು. ಮನೆ ಬಿಟ್ಟು ಹೋಗಬೇಕು ಎಂದರು. ಒಬ್ಬ ದಪ್ಪ ಹೆಂಗಸು ಮಾತ್ರ, ಅವಳು ಗಂಡನೊಂದಿಗೆ ಸ್ಪಷ್ಟವಾಗಿ ಮಾತಾಡಬೇಕು ಎಂದಳು. ನಟರು ಸ್ಪಷ್ಟವಾಗಿ ಮಾತಾಡಿ ತೋರಿಸಿದರು. ಆಕೆಗೆ ಸಮಾಧಾನವಾಗಲಿಲ್ಲ. ಹಾಗಲ್ಲ, ಬಹಳ ಸ್ಪಷ್ಟವಾಗಿ ಎಂದಳು. ಇನ್ನೊಮ್ಮೆ ಆಡಿದರು. ಆಗಲೂ ಅವಳ ಮುಖ ಗಂಟು ಬಿಚ್ಚಲಿಲ್ಲ. ಕೊನೆಗೆ ಬೇಸತ್ತ ಬೋವಾಲ್, ನೀವೇ ಬಂದು ತೋರಿಸಿ ಎಂದರು. ಅವಳು ಸರಸರನೆ ವೇದಿಕೆ ಹತ್ತಿದಳು. ಗಂಡನ ಪಾತ್ರಧಾರಿಯನ್ನು ಹಿಡಿದು, ಪೊರಕೆಯ ಕೋಲಿನಿಂದ ಚೆನ್ನಾಗಿ ಬಾರಿಸಿದಳು. ಆಮೇಲೆ ಊಟಕ್ಕೆ ಬಡಿಸು ಎಂದು ಅವನಿಗೇ ಅಪ್ಪಣೆ ಮಾಡಿದಳು. ಅವಳ ‘ಸ್ಪಷ್ಟ ಮಾತು’ ಅದಾಗಿತ್ತು.

ಹೊಡೆತ ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಬೋವಾಲ್‌ಗೆ ಇಲ್ಲಿ ಹೊಳೆದದ್ದು ಇನ್ನೊಂದು. ಪ್ರೇಕ್ಷಕಳ ಮನಸ್ಸಿನಲ್ಲಿದ್ದುದನ್ನು ನಟರು ಎಷ್ಟು ಪ್ರಯತ್ನಪಟ್ಟರೂ ಆಡಿ ತೋರಿಸಲಾಗಲಿಲ್ಲ. ಅವಳೇ ಎದ್ದು ಬರಬೇಕಾಯಿತು. ಅಂದಿನಿಂದ ಸಲಹೆ ಕೊಡುವವರೇ ವೇದಿಕೆಗೆ ಬರಬೇಕು ಎಂಬ ನಿಯಮ ಬಂತು. ಇದಕ್ಕೆ ‘ಫೋರಂ ನಾಟಕ’ ಎಂದು ಹೆಸರಾಯಿತು. ಇಲ್ಲಿ ನೋಡುವವರೇ ಆಡುವವರು. ಮರುವರ್ಷ, 1974ರಲ್ಲಿ, ಅವರ ಪ್ರಸಿದ್ಧ ಪುಸ್ತಕ ‘ದಮನಿತರ ರಂಗಭೂಮಿ’ ಪ್ರಕಟವಾಯಿತು. ಗೆಳೆಯ ಫ್ರೇರೆ ಅವರ ‘ದಮನಿತರ ಶಿಕ್ಷಣಶಾಸ್ತ್ರ’ದ ನೆರಳು ಹೆಸರಿನಲ್ಲೇ ಇದೆ.

ರಮ್ಮಿ ಆಟದ ಜೋಕರ್

ಫೋರಂ ನಾಟಕದ ಕ್ರಮ ಹೀಗಿದೆ. ಮೊದಲು ಹತ್ತು ಹದಿನೈದು ನಿಮಿಷದ ಒಂದು ನಾಟಕ. ಅದು ಸೋಲಿನಲ್ಲೇ ಮುಗಿಯುತ್ತದೆ. ಕೂಲಿ ಸಿಗುವುದಿಲ್ಲ, ಆಸ್ಪತ್ರೆಯಲ್ಲಿ ವೈದ್ಯರು ಕಾಣುವುದಿಲ್ಲ, ಅರ್ಜಿ ತಿರಸ್ಕಾರವಾಗುತ್ತದೆ. ಆಮೇಲೆ ಅದೇ ನಾಟಕವನ್ನು ಮೊದಲಿನಿಂದ ಮತ್ತೆ ಆಡುತ್ತಾರೆ. ಈ ಸಲ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಬಹುದು. ಸೋತ ಪಾತ್ರದ ಜಾಗಕ್ಕೆ ತಾವೇ ಬಂದು ಬೇರೊಂದು ದಾರಿ ಹುಡುಕಬಹುದು. ಆದರೆ ಎದುರಾಳಿ ಪಾತ್ರಗಳು ಸುಲಭಕ್ಕೆ ಬಗ್ಗುವುದಿಲ್ಲ. ಸಾಹುಕಾರ ಸಾಹುಕಾರನಂತೆಯೇ, ಗುಮಾಸ್ತ ಗುಮಾಸ್ತನಂತೆಯೇ ತಡೆ ಒಡ್ಡುತ್ತಾರೆ. ಒಬ್ಬರು ಸೋತರೆ ಇನ್ನೊಬ್ಬರು ಬರುತ್ತಾರೆ.

ನಾಟಕಕ್ಕೂ ಜನಕ್ಕೂ ನಡುವೆ ನಿಲ್ಲುವ ವ್ಯಕ್ತಿಗೆ ‘ಜೋಕರ್’ ಎಂದು ಹೆಸರು. ನಗಿಸುವ ಜೋಕರ್ ಅಲ್ಲ, ಇಸ್ಪೀಟಿನ ಜೋಕರ್. ರಮ್ಮಿ ಆಡುವವರಿಗೆ ಗೊತ್ತಿದೆ, ಜೋಕರ್ ಎಲೆ ಯಾವ ಎಲೆಯ ಜಾಗದಲ್ಲೂ ಕೂರುತ್ತದೆ. ಇಲ್ಲಿಯೂ ಹಾಗೆಯೇ. ಆತ ಆಟದ ನಿಯಮ ತಿಳಿಸುತ್ತಾನೆ, ಪ್ರಶ್ನೆ ಕೇಳುತ್ತಾನೆ, ಜನರನ್ನು ಎಬ್ಬಿಸುತ್ತಾನೆ, ತೀರ್ಪು ಮಾತ್ರ ಕೊಡುವುದಿಲ್ಲ. ನಮ್ಮ ಮೂಡಲಪಾಯದ ಸಾರಥಿ ರಂಗಕ್ಕೆ ಬಂದ ರಾಜನನ್ನೇ ತಡೆದು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನಲ್ಲ, ಆ ಸಲಿಗೆ ಈ ಜೋಕರನಿಗೂ ಇದೆ. ವ್ಯತ್ಯಾಸವೆಂದರೆ ಇವನು ವಿಚಾರಿಸುವುದು ಪ್ರೇಕ್ಷಕರನ್ನು.

ಇದೇ ಕಾಲದ ಇನ್ನೊಂದು ಪ್ರಯೋಗ ‘ಅದೃಶ್ಯ ನಾಟಕ’. ಪೆರುವಿನ ಚಿಕ್ಲಾಯೊ ಊರಿನ ದೊಡ್ಡ ಹೋಟೆಲೊಂದರಲ್ಲಿ ನಟನೊಬ್ಬ 70 ಸೋಲ್ ಬೆಲೆಯ ಊಟ ಮಾಡಿ, ಹಣವಿಲ್ಲ, ಕೆಲಸ ಮಾಡಿ ತೀರಿಸುತ್ತೇನೆ ಎಂದ. ಕಸ ಎತ್ತುವವನಿಗೆ ಇಲ್ಲಿ ಎಷ್ಟು ಕೂಲಿ ಎಂದು ಕೇಳಿದ. ಗಂಟೆಗೆ 7 ಸೋಲ್ ಎಂಬ ಉತ್ತರ ಬಂತು. ಒಂದು ಊಟಕ್ಕೆ ಹತ್ತು ಗಂಟೆ ಕಸ ಹೊರಬೇಕೆ ಎಂದು ಗಟ್ಟಿಯಾಗಿಯೇ ಲೆಕ್ಕ ಹಾಕಿದ. ಹೋಟೆಲಿನಲ್ಲಿದ್ದವರೆಲ್ಲ ಚರ್ಚೆಗೆ ಇಳಿದರು. ಅದು ನಾಟಕ ಎಂದು ಯಾರಿಗೂ ತಿಳಿಯಲಿಲ್ಲ.

ರಂಗದಿಂದ ನಗರಸಭೆಗೆ

ಅರ್ಜೆಂಟೀನಾದಲ್ಲೂ ಸೇನೆಯ ಆಳ್ವಿಕೆ ಬಂದಾಗ, 1976ರಲ್ಲಿ, ಬೋವಾಲ್ ಯೂರೋಪಿಗೆ ಹೋದರು. ಮೊದಲು ಲಿಸ್ಬನ್, ನಂತರ ಪ್ಯಾರಿಸ್. ಬ್ರೆಜಿಲಿನಲ್ಲಿ ಸೇನಾಡಳಿತ 1985ರಲ್ಲಿ ಕೊನೆಗೊಂಡಿತು. ಮರುವರ್ಷ ಅವರು ತಾಯ್ನಾಡಿಗೆ ಮರಳಿದರು. ರಿಯೊ ರಾಜ್ಯದ ಉಪರಾಜ್ಯಪಾಲರೂ ಮಾನವಶಾಸ್ತ್ರಜ್ಞರೂ ಆಗಿದ್ದ ದಾರ್ಸಿ ರಿಬೇರೊ ಅವರ ಆಹ್ವಾನದ ಮೇಲೆ ಶಾಲೆಗಳಲ್ಲಿ ಜನರಂಗಭೂಮಿ ಕಟ್ಟುವ ಕೆಲಸ ಶುರುವಾಯಿತು. ಆದರೆ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, ಹಣ ನಿಂತಿತು. ರಿಯೊದಲ್ಲಿ ಕಟ್ಟಿದ ರಂಗಕೇಂದ್ರ ಕುಂಟುತ್ತ ಸಾಗಿತು. 1992ರ ಹೊತ್ತಿಗೆ ಮುಚ್ಚುವ ಸ್ಥಿತಿಗೆ ಬಂತು.

ಕೇಂದ್ರ ಮುಚ್ಚುವುದಾದರೆ ಏನಾದರೂ ಒಳ್ಳೆಯದು ಮಾಡಿ ಮುಚ್ಚೋಣ ಎಂದುಕೊಂಡ ತಂಡ, ಆ ವರ್ಷದ ನಗರಸಭೆ ಚುನಾವಣೆಯಲ್ಲಿ ವರ್ಕರ್ಸ್ ಪಾರ್ಟಿಯ ಪ್ರಚಾರಕ್ಕೆ ನಾಟಕವಾಡಲು ಮುಂದಾಯಿತು. ನಿಮ್ಮವರೇ ಒಬ್ಬರು ಅಭ್ಯರ್ಥಿಯಾಗಿ ಎಂದರು ಪಕ್ಷದವರು. ಗೆಲ್ಲುವ ಭರವಸೆಯೇನೂ ಇಲ್ಲದೆ ಬೋವಾಲ್ ನಿಂತರು. ಬೀದಿ, ಚೌಕ, ಸಮುದ್ರ ತೀರಗಳಲ್ಲಿ ನಾಟಕ, ಹಾಡು, ಮೆರವಣಿಗೆ ನಡೆದವು. ಎಣಿಕೆ ಮುಗಿದಾಗ ಬೋವಾಲ್ ಗೆದ್ದಿದ್ದರು. 1993ರ ಜನವರಿ 1ರಂದು, 42 ಸದಸ್ಯರ ನಗರಸಭೆಯಲ್ಲಿ ಒಬ್ಬ ನಾಟಕದವರು ಕುಳಿತರು.

ಅಲ್ಲಿ ಪ್ರತಿ ಸದಸ್ಯರಿಗೂ ಸಹಾಯಕರ ದೊಡ್ಡ ತಂಡವನ್ನೇ ನೇಮಿಸಿಕೊಳ್ಳುವ ಅಧಿಕಾರವಿದೆ. ಸಾಮಾನ್ಯವಾಗಿ ಈ ಜಾಗಗಳು ಪಕ್ಷದವರಿಗೆ, ಆಪ್ತರಿಗೆ ಹೋಗುತ್ತವೆ. ಬೋವಾಲ್ ಆ ಜಾಗಗಳಿಗೆ ತಮ್ಮ ರಂಗಕೇಂದ್ರದ ಜೋಕರ್‌ಗಳನ್ನು ತಂದರು. ಜೊತೆಗೆ ಕಾನೂನು ಬಲ್ಲವರನ್ನೂ ಇಟ್ಟುಕೊಂಡರು. ಮುಚ್ಚಬೇಕಿದ್ದ ಕೇಂದ್ರಕ್ಕೆ ಜೀವ ಬಂತು. ನಗರಸಭಾ ಸದಸ್ಯರ ಕಚೇರಿ ಒಂದು ರಂಗತಂಡವೇ ಆಯಿತು.

ಕಾನೂನು ತಯಾರಾದ ಬಗೆ

ಜೋಕರ್‌ಗಳು ನಗರದ ಉದ್ದಗಲಕ್ಕೆ ಹರಡಿಕೊಂಡರು. ಕೊಳೆಗೇರಿ ನಿವಾಸಿಗಳು, ವೃದ್ಧರು, ಅಂಧರು, ಬೀದಿ ಮಕ್ಕಳು, ಕರಿಯ ವಿದ್ಯಾರ್ಥಿಗಳು, ಬ್ಯಾಂಕ್ ನೌಕರರು, ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದವರು, ಹೀಗೆ ಬೇರೆ ಬೇರೆ ಜನರ ನಡುವೆ ಗುಂಪುಗಳನ್ನು ಕಟ್ಟಿದರು. ಇಂಥ 19 ಗುಂಪುಗಳು ನಿರಂತರವಾಗಿ ಕೆಲಸ ಮಾಡಿದವು. ಪ್ರತಿ ಗುಂಪೂ ತನ್ನ ಬದುಕಿನ ತೊಡಕನ್ನೇ ನಾಟಕ ಮಾಡಿ ತನ್ನ ಕೇರಿಯಲ್ಲಿ ಆಡುತ್ತಿತ್ತು, ಇನ್ನೊಂದು ಗುಂಪಿನ ಕೇರಿಗೂ ಹೋಗಿ ಆಡುತ್ತಿತ್ತು. ಅಂಧರ ಕಷ್ಟ ಬ್ಯಾಂಕ್ ನೌಕರರಿಗೆ ತಿಳಿಯಿತು, ವೃದ್ಧರ ಕಷ್ಟ ಹುಡುಗರಿಗೆ ತಿಳಿಯಿತು.

ಪ್ರತಿ ಪ್ರದರ್ಶನದ ವರದಿಯನ್ನೂ ಬರೆದಿಡಲಾಗುತ್ತಿತ್ತು. ಪ್ರೇಕ್ಷಕರಲ್ಲಿ ಯಾರು ಎದ್ದರು, ಏನು ಮಾಡಿದರು, ಯಾವ ದಾರಿ ಮುಚ್ಚಿತ್ತು, ಎಲ್ಲಿ ತೆರೆಯಿತು ಎಂಬ ವಿವರಗಳೆಲ್ಲ ಅದರಲ್ಲಿರುತ್ತಿದ್ದವು. ಈ ವರದಿಗಳು ಕಚೇರಿಗೆ ಬಂದು ಒಂದು ಸಣ್ಣ ಸಮಿತಿಯ ಮುಂದೆ ನಿಲ್ಲುತ್ತಿದ್ದವು. ಉಂಡ ಅನ್ನವನ್ನು ಮೈಗೆ ಹತ್ತಿಸುವ ಜೀವಕೋಶಕ್ಕೆ ಬೋವಾಲ್ ಇದನ್ನು ಹೋಲಿಸಿದರು. ಕಾನೂನು ಬಲ್ಲವರು ಪ್ರತಿ ಸಲಹೆಯನ್ನೂ ಮೂರು ದಾರಿಗಳಲ್ಲಿ ಒಂದಕ್ಕೆ ಹಚ್ಚುತ್ತಿದ್ದರು. ಹೊಸ ಕಾನೂನು ಬೇಕೆಂದಾದರೆ ಮಸೂದೆ. ಕಾನೂನು ಇದ್ದೂ ಜಾರಿಯಾಗಿಲ್ಲ ಎಂದಾದರೆ ಅಧಿಕಾರಿಗಳ ಮೇಲೆ ಒತ್ತಡ, ಅಗತ್ಯವಿದ್ದರೆ ನ್ಯಾಯಾಲಯ. ಇವೆರಡೂ ಅಲ್ಲ, ಜನರೇ ಪರಿಹರಿಸಿಕೊಳ್ಳಬಹುದು ಎಂದಾದರೆ ಮತ್ತೆ ನಾಟಕ, ಮತ್ತೆ ಚರ್ಚೆ.

ಇದಲ್ಲದೆ ಸಭೆಯ ಮುಂದಿದ್ದ ವಿಷಯಗಳನ್ನು ಅಂಚೆಯಲ್ಲಿ ಜನರಿಗೆ ಕಳಿಸಿ ಅಭಿಪ್ರಾಯ ಕೇಳುತ್ತಿದ್ದರು. ನಗರಸಭೆಯ ಕಲಾಪವನ್ನೇ ಅಣಕು ಸಭೆಯಾಗಿ ಚೌಕದಲ್ಲಿ ನಡೆಸುವ ‘ಚೌಕದಲ್ಲಿ ನಗರಸಭೆ’ ಎಂಬ ಕಾರ್ಯಕ್ರಮವೂ ಇತ್ತು. ಪರ ವಿರೋಧ ಮಾತಾಡುವುದು, ತಿದ್ದುಪಡಿ ಸೂಚಿಸುವುದು, ಮತಕ್ಕೆ ಹಾಕುವುದು ಹೇಗೆಂದು ತರಕಾರಿ ಕೊಳ್ಳಲು ಬಂದವರಿಗೂ ಅಲ್ಲೇ ಅಭ್ಯಾಸವಾಗುತ್ತಿತ್ತು.

ಏನೇನು ಕಾನೂನು?

ವೃದ್ಧರ ಗುಂಪಿನ ನಾಟಕದಿಂದ, ನಗರಸಭೆಯ ಆಸ್ಪತ್ರೆಗಳಲ್ಲಿ ವಯೋವೃದ್ಧರ ಕಾಯಿಲೆಗಳಲ್ಲಿ ಪರಿಣತರಾದ ವೈದ್ಯರು ಮತ್ತು ಹಾಸಿಗೆಗಳು ಇರಬೇಕು ಎಂಬ ಕಾನೂನು ಬಂತು. ಮಾನಸಿಕ ಚಿಕಿತ್ಸೆ ಪಡೆದವರು ತಾವು ಕಂಡದ್ದನ್ನೇ ಆಡಿದರು. ಅದರಿಂದ ನಗರಸಭೆಯ ಚಿಕಿತ್ಸಾಲಯಗಳಲ್ಲಿ ವಿದ್ಯುತ್ ಆಘಾತ, ಒಂಟಿ ಕೋಣೆಯ ಸೆರೆ, ದೈಹಿಕ ಹಿಂಸೆ ಕೂಡದು ಎಂಬ ಕಾನೂನಾಯಿತು. ದೂರವಾಣಿ ಗೂಡಿನ ಕಟ್ಟೆಯ ಮಾತು ಆಗಲೇ ಬಂದಿದೆ.

ಇವುಗಳಲ್ಲಿ ಅತ್ಯಂತ ಮಹತ್ವದ್ದು ಅಪರಾಧಗಳ ಸಾಕ್ಷಿದಾರರಿಗೆ ರಕ್ಷಣೆ ನೀಡುವ 1995ರ ಕಾನೂನು. ಅದರ ಬೆಲೆ ತಿಳಿಯಬೇಕಾದರೆ ಆ ದಿನಗಳ ರಿಯೊವನ್ನು ನೆನೆಯಬೇಕು. 1993ರ ಜುಲೈನಲ್ಲಿ ಕಾಂದೆಲಾರಿಯ ಚರ್ಚಿನ ಬಳಿ ಮಲಗಿದ್ದ ಬೀದಿ ಮಕ್ಕಳು ಮತ್ತು ತರುಣರ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಂದರು. ಮುಂದಿನ ತಿಂಗಳು ವಿಗಾರಿಯೊ ಜೆರಾಲ್ ಕೊಳೆಗೇರಿಯಲ್ಲಿ 21 ಜನರ ಹತ್ಯೆಯಾಯಿತು. ಎರಡರಲ್ಲೂ ಪೊಲೀಸರ ಕೈವಾಡವಿತ್ತು. ಕಾಂದೆಲಾರಿಯದಲ್ಲಿ ಬದುಕುಳಿದ ಮುಖ್ಯ ಸಾಕ್ಷಿಯನ್ನು ಮರುವರ್ಷ ಮತ್ತೆ ಕೊಲ್ಲುವ ಯತ್ನ ನಡೆಯಿತು. ಇಂಥ ಊರಿನಲ್ಲಿ ಕಂಡದ್ದನ್ನು ಹೇಳಲು ಯಾರು ಮುಂದೆ ಬರುತ್ತಾರೆ? ಇಡೀ ಬ್ರೆಜಿಲಿಗೆ ಅನ್ವಯಿಸುವ ಸಾಕ್ಷಿ ರಕ್ಷಣಾ ಕಾನೂನು ಬಂದದ್ದು 1999ರಲ್ಲಿ. ರಿಯೊ ನಗರಸಭೆ ಅದಕ್ಕೆ ನಾಲ್ಕು ವರ್ಷ ಮೊದಲೇ ದಾರಿ ಹಾಕಿತ್ತು.

ಗೆಲುವಿನ ಮಿತಿ

ಇಷ್ಟೆಲ್ಲ ಮಾಡಿದ ಬೋವಾಲ್ 1996ರ ಚುನಾವಣೆಯಲ್ಲಿ ಸೋತರು. ಸ್ಥಾನ ಹೋದೊಡನೆ ಸಹಾಯಕರ ಸಂಬಳ ನಿಂತಿತು. ಜೋಕರ್‌ಗಳಿಗೆ ಬೇರೆ ದಾರಿ ನೋಡಿಕೊಳ್ಳದೆ ವಿಧಿಯಿರಲಿಲ್ಲ. ಎಲ್ಲ 19 ಗುಂಪುಗಳನ್ನೂ ಮೊದಲಿನಂತೆ ನಡೆಸುವ ಶಕ್ತಿ ಕೇಂದ್ರಕ್ಕೆ ಇರಲಿಲ್ಲ. ಜನರ ಪಾಲುಗಾರಿಕೆ ಒಬ್ಬ ಸದಸ್ಯರ ಕುರ್ಚಿಗೆ ಕಟ್ಟಿಕೊಂಡಿದ್ದರೆ, ಕುರ್ಚಿ ಹೋದಾಗ ಅದೂ ಹೋಗುತ್ತದೆ ಎಂಬುದು ಈ ಪ್ರಯೋಗದ ಕಹಿ ಪಾಠ.

ಇದೇ ಪಕ್ಷ 1989ರಲ್ಲಿ ಪೋರ್ತೊ ಅಲೆಗ್ರಿ ನಗರದಲ್ಲಿ ಬಜೆಟ್ಟಿನ ಹಣ ಎಲ್ಲಿ ಖರ್ಚಾಗಬೇಕೆಂದು ಜನರೇ ಸಭೆ ಸೇರಿ ತೀರ್ಮಾನಿಸುವ ಪದ್ಧತಿ ತಂದಿತ್ತು. ಅದರ ಹಿಂದೆ ಮೇಯರ್ ಆಡಳಿತವೇ ನಿಂತಿದ್ದರಿಂದ ಹಲವು ವರ್ಷ ಬಾಳಿತು, ಜಗತ್ತಿನ ನೂರಾರು ನಗರಗಳಿಗೆ ಹಬ್ಬಿತು. ಬೋವಾಲ್ ಬೆನ್ನಿಗೆ ಅಂಥ ಬಲ ಇರಲಿಲ್ಲ. ಅವರದು 42ರಲ್ಲಿ ಒಂದು ಮತ. ಹಾಗಿದ್ದೂ 13 ಕಾನೂನು ಬಂದವು ಎಂಬುದು ಸಣ್ಣ ಮಾತಲ್ಲ.

ಅವರ ಕ್ರಮ ನಂತರವೂ ಬೇರೆ ಬೇರೆ ಕಡೆ ಬಳಕೆಯಾಯಿತು. ಕೆನಡಾದ ವ್ಯಾಂಕೂವರ್‌ನಲ್ಲಿ 2004ರಲ್ಲಿ ಡೇವಿಡ್ ಡೈಮಂಡ್ ಅವರ ತಂಡ ಬಡವರ ಭತ್ಯೆ ಕಡಿತದ ಬಗ್ಗೆ ಇಂಥ ನಾಟಕವಾಡಿ, ಬಂದ ಸಲಹೆಗಳ ವರದಿಯನ್ನು ನಗರಸಭೆಗೆ ಕೊಟ್ಟಿತು. ಆದರೆ ಭತ್ಯೆ ಕಡಿತ ಮಾಡಿದ್ದು ಪ್ರಾಂತೀಯ ಸರ್ಕಾರ. ನಗರಸಭೆಯ ಕೈ ಅಲ್ಲಿಯವರೆಗೆ ಚಾಚುವಂತಿರಲಿಲ್ಲ. ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಆಡಳಿತ ಮನೆಯಿಲ್ಲದವರಿಗಾಗಿ ಕಾರ್ಯನೀತಿ ರೂಪಿಸುವಾಗ, ಬೀದಿಯಲ್ಲಿ ಮಲಗಿ ಗೊತ್ತಿದ್ದವರ ನಾಟಕವನ್ನೇ ಆಧಾರವಾಗಿ ಇಟ್ಟುಕೊಂಡಿತು. ಕೇಳುವ ಅಧಿಕಾರಿ ಎದುರಿಗೆ ಕುಳಿತಿದ್ದಾನೆಯೇ, ಕೇಳಿದ್ದನ್ನು ಮಾಡುವ ಅಧಿಕಾರ ಅವನಿಗಿದೆಯೇ ಎಂಬುದೇ ಎಲ್ಲ ಕಡೆಯೂ ಮುಖ್ಯ ಪ್ರಶ್ನೆ.

ಬೋವಾಲ್ 2009ರ ಮೇ 2ರಂದು ತೀರಿಕೊಂಡರು. ಹನ್ನೆರಡು ವರ್ಷ ಹಿಂದೆ, 1997ರ ಅದೇ ಮೇ 2ರಂದು, ಅವರ ಗೆಳೆಯ ಫ್ರೇರೆ ತೀರಿಕೊಂಡಿದ್ದರು.

ಸುಂದರಬನದಿಂದ ನಮ್ಮೂರಿಗೆ

ಭಾರತದಲ್ಲಿ ಈ ಕ್ರಮವನ್ನು ಎಲ್ಲರಿಗಿಂತ ಹೆಚ್ಚು ಆಳವಾಗಿ ಬೇರೂರಿಸಿದ್ದು ಪಶ್ಚಿಮ ಬಂಗಾಳದ ‘ಜನ ಸಂಸ್ಕೃತಿ’ ಸಂಸ್ಥೆ. ಸಂಜಯ್ ಗಂಗೂಲಿ ಅವರ ಮುಂದಾಳತ್ವದಲ್ಲಿ 1985ರಲ್ಲಿ ಸುಂದರಬನದ ಹಳ್ಳಿಗಳಲ್ಲಿ ಹುಟ್ಟಿದ ತಂಡ ಇದು. ಮೊದಲು ಅವರೂ ಸಂದೇಶ ಸಾರುವ ನಾಟಕಗಳನ್ನೇ ಆಡುತ್ತಿದ್ದರು. ಬೋವಾಲ್ ಪರಿಚಯವಾದ ಮೇಲೆ ಫೋರಂ ನಾಟಕಕ್ಕೆ ತಿರುಗಿದರು. ಹೆಣ್ಣಿನ ತವರು, ಮದುವೆ ಮಾತುಕತೆ, ಗಂಡನ ಮನೆ ಎಂಬ ಮೂರು ಘಟ್ಟಗಳನ್ನು ತೋರಿಸುವ ಅವರ ‘ಶೋನಾರ್ ಮೇಯೆ’ ನಾಟಕದಲ್ಲಿ ಹಳ್ಳಿಯ ಹೆಂಗಸರು ಎದ್ದು ಬಂದು ವರದಕ್ಷಿಣೆ ಕೇಳುವವರಿಗೆ ಎದುರು ಮಾತಾಡುತ್ತಾರೆ. 2006ರಲ್ಲಿ ಕೋಲ್ಕತ್ತದಲ್ಲಿ ಈ ತಂಡಗಳ ಅಖಿಲ ಭಾರತ ಒಕ್ಕೂಟ ಸ್ಥಾಪನೆಯಾದಾಗ ಸ್ವತಃ ಬೋವಾಲ್ ಬಂದಿದ್ದರು.

ಕರ್ನಾಟಕಕ್ಕೂ ಬೀದಿ ನಾಟಕ ಹೊಸದಲ್ಲ. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ ಬಿಹಾರದ ದಲಿತರ ಹತ್ಯೆಯನ್ನು ಕುರಿತ ‘ಬೆಲ್ಚಿ’ಯಂಥ ನಾಟಕಗಳನ್ನು ಊರೂರಿಗೆ ಒಯ್ದದ್ದು, 1979ರಲ್ಲಿ ಜಾಥಾ ಹೊರಟದ್ದು ಹಲವರಿಗೆ ನೆನಪಿದೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ಕಲಾಜಾಥಾಗಳು ಹಳ್ಳಿಗಳನ್ನು ಎಬ್ಬಿಸಿದವು. ಅವು ಮಾಡಿದ ಕೆಲಸ ಕಡಿಮೆಯಲ್ಲ. ಅಕ್ಷರದ ಮೇಲೆ ಆಸೆ ಹುಟ್ಟಿಸಿದ್ದು, ಅನ್ಯಾಯಕ್ಕೆ ಹೆಸರು ಕೊಟ್ಟದ್ದು ಅವೇ. ಆದರೆ ಇಂಥ ನಾಟಕಗಳಲ್ಲಿ ಕೊನೆಯ ಮಾತು ಮೊದಲೇ ಬರೆದಾಗಿರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ, ತಂಡ ಮುಂದಿನ ಊರಿಗೆ ಹೋಗುತ್ತದೆ. ಶೌಚಾಲಯ ಕಟ್ಟಿಸಿ, ಲಸಿಕೆ ಹಾಕಿಸಿ ಎಂದು ಇಲಾಖೆಗಳು ಆಡಿಸುವ ನಾಟಕಗಳಲ್ಲಂತೂ ಜನ ಕೇಳುವುದಷ್ಟೇ. ಕಟ್ಟಿಸಿದ ಶೌಚಾಲಯಕ್ಕೆ ನೀರು ಎಲ್ಲಿಂದ ಎಂದು ಎದ್ದು ಕೇಳುವ ಪಾತ್ರ ಅಲ್ಲಿ ಇರುವುದಿಲ್ಲ. ಬ್ರೆಜಿಲಿನ ರೈತ ಅರೀನಾ ತಂಡಕ್ಕೆ ಕೇಳಿದ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ.

ಬೋವಾಲ್ ನಗರಸಭೆಯಲ್ಲಿ ಕುಳಿತ 1993ರಲ್ಲೇ ನಮ್ಮಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂತು, ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯೂ ಬಂತು ಎಂಬುದು ಗಮನಿಸಬೇಕಾದ ಸಂಗತಿ. ಗ್ರಾಮದ ಮತದಾರರೆಲ್ಲ ಗ್ರಾಮಸಭೆಯ ಸದಸ್ಯರು ಎಂದು ಕಾನೂನು ಹೇಳುತ್ತದೆ. ರಿಯೊದ ಜನರಿಗೆ ಒಬ್ಬ ಸದಸ್ಯರ ಮೂಲಕ ಸಿಕ್ಕ ಅವಕಾಶ ನಮ್ಮ ಹಳ್ಳಿಗರಿಗೆ ಹಕ್ಕಾಗಿಯೇ ಸಿಕ್ಕಿದೆ. ಚುನಾವಣೆ ಸೋತರೆ ಹೋಗುವಂಥದಲ್ಲ ಅದು.

ಆದರೆ ಎಷ್ಟೋ ಗ್ರಾಮಸಭೆಗಳಲ್ಲಿ ನಡೆಯುವುದೇನು? ಮೇಜಿನ ಆಚೆ ಅಧ್ಯಕ್ಷರು, ಅಧಿಕಾರಿಗಳು. ಈಚೆ ಜನ. ಫಲಾನುಭವಿಗಳ ಪಟ್ಟಿ ಓದುತ್ತಾರೆ, ಪುಸ್ತಕಕ್ಕೆ ಸಹಿ ಬೀಳುತ್ತದೆ. ಹೆಂಗಸರು ಹಿಂದೆ ಕೂರುತ್ತಾರೆ. ಮಾತಾಡುವವರು ದಿನವೂ ಮಾತಾಡುವ ಆ ನಾಲ್ಕೈದು ಮಂದಿ. ಹಕ್ಕು ಇದ್ದರೂ ಅದನ್ನು ಆಡುವ ಅಭ್ಯಾಸವಿಲ್ಲ. ಒಮ್ಮೆಯೂ ಎದ್ದು ನಿಂತು ಮಾತಾಡದವರಿಗೆ ಅಧಿಕಾರಿಯ ಮುಂದೆ ಮೊದಲ ಸಲವೇ ಧ್ವನಿ ಬರುವುದಿಲ್ಲ. ಅಂಥವರಿಗೆ ಅಭ್ಯಾಸ ಮಾಡಿಕೊಳ್ಳಲು ಒಂದು ಜಾಗ ಬೇಕು. ತಪ್ಪಿದರೆ ಯಾರೂ ದಂಡ ಹಾಕದ, ಸೋತರೆ ಮತ್ತೊಮ್ಮೆ ಆಡಬಹುದಾದ ಜಾಗ.

ಗ್ರಾಮಸಭೆಗೆ ಒಂದು ವಾರ ಮೊದಲು ಅರಳಿಕಟ್ಟೆಯ ಮುಂದೆ ಹತ್ತು ನಿಮಿಷದ ಒಂದು ನಾಟಕವಾದರೆ ಸಾಕು. ಪಡಿತರ ಅಂಗಡಿಯಲ್ಲಿ ತೂಕ ಕಡಿಮೆ ಬಂದ ಕಥೆಯೋ, ನರೇಗಾ ಕೂಲಿ ತಿಂಗಳುಗಟ್ಟಲೆ ಬಾರದ ಕಥೆಯೋ ಆದೀತು. ಅದನ್ನು ಆಡಲು ದೊಡ್ಡ ರಂಗಸಜ್ಜಿಕೆ ಬೇಡ, ಬೆಂಗಳೂರಿನಿಂದ ತಂಡ ಬರಬೇಕಾಗಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತ ಒಬ್ಬಾಕೆ ‘ನಿಲ್ಲಿಸಿ’ ಎಂದು ಎದ್ದು ಬರುವಷ್ಟು ಹೊತ್ತು ಕಾಯುವ ತಾಳ್ಮೆ ಬೇಕು. ಅಂದು ಅಲ್ಲಿ ಎದ್ದವಳು ಮುಂದಿನ ವಾರ ಗ್ರಾಮಸಭೆಯಲ್ಲೂ ಎದ್ದಾಳು.